12 ಟನ್ ಎಸಿ ಇದ್ರೂ ಹಾಲ್ ಯಾಕೆ ತಣ್ಣಗಾಗ್ಲಿಲ್ಲ: ಚೆಂಬೂರಿನ ಒಂದು ಹೋಟೆಲ್ ಪ್ರಕರಣ

ಚೆಂಬೂರಿನಲ್ಲಿ ನಮ್ಮ ಕುಂದಾಪುರ ಕಡೆಯವರದ್ದು ಒಂದು ಹೋಟೆಲು, ಹಳೇ ಸೊಸೈಟಿ ಬಿಲ್ಡಿಂಗಿನ ಗ್ರೌಂಡ್ ಫ್ಲೋರು, ಮುಂದೆ ಸಾದಾ ಸೆಕ್ಷನ್, ಒಳಗೆ ಎಸಿ ಹಾಲು, ಅದರ ಹಿಂದೆ ಅಡುಗೆಮನೆ, ಮುಂಬೈಯಲ್ಲಿ ಇಂಥದ್ದು ನೋಡದವರು ಯಾರಿದ್ದಾರೆ. ಎಸಿ ಹಾಲು ಸುಮಾರು 900 ಚದರಡಿ, 60 ಸೀಟು. ರಿನೋವೇಶನ್ ಮಾಡಿಸಿದಾಗ ಹಳೇ ಸ್ಪ್ಲಿಟ್‌ಗಳನ್ನೆಲ್ಲ ಕಿತ್ತು 3 ಟನ್ನಿನ ನಾಲ್ಕು ಕ್ಯಾಸೆಟ್, ಅಂದ್ರೆ ಸೀಲಿಂಗಿನಲ್ಲಿ ಕೂರೋ ಎಸಿ, ಹಾಕಿಸಿದ್ರು, ಒಟ್ಟು 12 ಟನ್ (ಟನ್ ಅಂದ್ರೆ ಎಸಿ ಎಷ್ಟು ಶಾಖ ತೆಗೀತದೆ ಅನ್ನೋ ಅಳತೆ). ಒಳ್ಳೇ ಬ್ರಾಂಡೇ, ಇನ್ವರ್ಟರ್, ಆರ್ 32 ಗ್ಯಾಸಿನದ್ದು. ಆದ್ರೆ ಮೊದಲ ಬೇಸಿಗೆಗೇ ಕಥೆ ಶುರು. ಬೆಳಿಗ್ಗೆ ಇಡ್ಲಿ ಹೊತ್ತಿಗೆ ಪರವಾಗಿಲ್ಲ ಅನ್ಸೋದು, ಮಧ್ಯಾಹ್ನ ಊಟದ ರಶ್ ಬಂತು ಅಂದ್ರೆ ಹಾಲ್ 29 ಡಿಗ್ರಿ, ಹ್ಯೂಮಿಡಿಟಿ 70 ಪರ್ಸೆಂಟ್, ಎರಡು ಟೇಬಲ್ ಮೇಲೆ ಸೀಲಿಂಗಿಂದ ತೊಟ್ಟು ತೊಟ್ಟು ನೀರು. ಒಂದೇ ಸೀಸನ್ನಲ್ಲಿ ಮತ್ತೆ ಮತ್ತೆ ಗ್ಯಾಸ್ ತುಂಬಿಸಿದ್ದೂ ಆಯ್ತು. ಕಂಪನಿ ಸರ್ವಿಸ್‌ನವರು ಬಂದು ಮಶೀನ್ ಸರಿ ಇದೆ ಅಂದ್ರು, ಕಂಟ್ರಾಕ್ಟರ್ ಬಂದು ಲೋಡ್ ಜಾಸ್ತಿ ಇದೆ ಸೇಠ್, ಇನ್ನೊಂದು 3 ಟನ್ ಹಾಕಣ ಅಂತ ಕೊಟೇಶನ್ನೇ ಕೊಟ್ಟ.

ನಾನು ಎಸಿ ಮಾರೋನೂ ಅಲ್ಲ ಹಾಕೋನೂ ಅಲ್ಲ, ಬೇರೆಯವರು ಹಾಕಿದ್ದನ್ನ ಅಳೆದು ನೋಡಿ ರಿಪೋರ್ಟ್ ಬರೆದುಕೊಡೋದು ನನ್ನ ಕೆಲಸ. ಹೋಟೆಲ್ ಮಾಲೀಕ ಶೆಟ್ರು ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ, "ಹದಿನೈದು ಟನ್ ಮಾಡಿದ್ರೆ ಸರಿ ಆಗ್ತದಾ ಮಾರಾಯ್ರೆ, ಅಷ್ಟು ಹೇಳಿ ಸಾಕು." ಆಗಲ್ಲ ಅಂತ ನೋಡೋಕೆ ಮುಂಚೆನೇ ಅನುಮಾನ ಇತ್ತು, ಯಾಕಂದ್ರೆ 900 ಚದರಡಿಗೆ 12 ಟನ್ ಅಂದ್ರೆ 75 ಚದರಡಿಗೆ ಒಂದು ಟನ್, ಹೋಟೆಲಿಗೂ ಅದು ಕಮ್ಮಿ ಏನಲ್ಲ.

ಮಶೀನ್ ಮುಟ್ಟೋ ಮೊದಲು ಮಾಡಿದ್ದು ಊದುಬತ್ತಿ ಹಚ್ಚಿದ್ದು. ಗಲ್ಲಾದ ಹತ್ರ ದೇವರ ಫೋಟೋ ಇದ್ದೇ ಇರ್ತದಲ್ಲ, ಅಲ್ಲಿಂದ ಒಂದು ಇಸ್ಕೊಂಡು ಹಾಲಿನ ಬಾಗಿಲ ಹತ್ರ ಹಿಡಿದ್ರೆ ಹೊಗೆ ಸೀದಾ ಒಳಗೆ ನುಗ್ತು, ಹಾಲ್ ಮಧ್ಯ ಹಿಡಿದ್ರೆ ಅಡುಗೆಮನೆ ಕಡೆ ಮಲಗ್ತು, ಪ್ಲೇಟ್ ಕೊಡೋ ಕಿಟಕಿ ಹತ್ರ ಅಂತೂ ಯಾರೋ ಎಳ್ಕೊಂಡ ಹಾಗೆ ಒಳಗೆ ಹೋಯ್ತು. ಆ ಕಿಟಕಿ 4 ಅಡಿ ಅಗಲ 2 ಅಡಿ ಎತ್ತರ, ಗಾಳಿ ವೇಗ ಅಳೆದ್ರೆ ಸೆಕೆಂಡಿಗೆ ಹತ್ರ ಹತ್ರ 1 ಮೀಟರ್. ಲೆಕ್ಕ ಹಾಕಿದ್ರೆ ನಿಮಿಷಕ್ಕೆ 1500 ಘನ ಅಡಿ, ನಮ್ಮ ಭಾಷೇಲಿ 1500 ಸಿಎಫ್‌ಎಂ ಗಾಳಿ ಎಸಿ ಹಾಲಿಂದ ಅಡುಗೆಮನೆಗೆ ಹೋಗ್ತಾ ಇದೆ. ಅಷ್ಟು ಗಾಳಿ ಹೋದ್ರೆ ಅಷ್ಟೇ ಗಾಳಿ ಬೀದಿಯಿಂದ ಒಳಗೆ ಬರ್ಲೇಬೇಕು, ಬೇರೆ ದಾರಿ ಇಲ್ಲ.

ಯಾಕೆ ಹಿಂಗಾಯ್ತು ಅಂದ್ರೆ, ಅಡುಗೆಮನೇಲಿ ಒಲೆ ಮೇಲಿನ ಹೊಗೆ ಎಳೆಯೋ ಹೊಸ ಹುಡ್ ಹಾಕಿಸಿದ್ರು, 3500 ಸಿಎಫ್‌ಎಂ ಎಕ್ಸಾಸ್ಟ್. ಅದು ಸರಿಯಾದ ಸೈಜೇ, ಅದರ ತಪ್ಪಿಲ್ಲ. ಆದ್ರೆ ಅದೇ ರಿನೋವೇಶನ್ನಲ್ಲಿ ಮೇಲಿನ ಮನೆಯವರು ವಾಸನೆ ಅಂತ ಗಲಾಟೆ ಮಾಡಿದ್ರು ಅಂತ ಅಡುಗೆಮನೆಯ ಎರಡು ಕಿಟಕಿ ಮುಚ್ಚಿ ಟೈಲ್ಸ್ ಅಂಟಿಸಿಬಿಟ್ಟಿದ್ರು. ಹೊರಗೆ ಹಾಕೋ ಗಾಳಿಗೆ ಬದಲು ಗಾಳಿ ಎಲ್ಲಿಂದ ಬರ್ತದೆ ಅಂತ ಯಾರೂ ಕೇಳಿಲ್ಲ. ಎಕ್ಸಾಸ್ಟ್ ಒಬ್ಬ ಕಂಟ್ರಾಕ್ಟರು, ಎಸಿ ಇನ್ನೊಬ್ಬ, ಸಿವಿಲ್ ಮತ್ತೊಬ್ಬ. ಮೂರೂ ಜನ ತಮ್ಮ ತಮ್ಮ ಕೆಲಸ ಮುಗಿಸಿ ದುಡ್ಡು ತಗೊಂಡು ಹೋಗಿದ್ದಾರೆ, ಮೂರರ ಮಧ್ಯದಲ್ಲಿರೋ ಗಾಳಿ ಯಾರ ಬಿಲ್ಲಲ್ಲೂ ಇಲ್ಲ.

ಈಗ ಟನ್ ಲೆಕ್ಕ ನೋಡಿ, ಇದು ಶೆಟ್ರಿಗೆ ಪೇಪರ್ ಮೇಲೆ ಬರೆದು ತೋರಿಸಿದ್ದೇ. ಹೊರಗೆ 33 ಡಿಗ್ರಿ, ವೆಟ್ ಬಲ್ಬ್ 27 (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸೋದು, ಗಾಳಿಯ ತೇವ ಅಳೆಯೋಕೆ), ಮುಂಬೈ ಮೇ ತಿಂಗಳಿಗೆ ಇದೇನು ವಿಶೇಷ ಅಲ್ಲ. ಈ ಗಾಳಿಯನ್ನ 24 ಡಿಗ್ರಿಗೆ ತಂದು ಅದರ ನೀರಿನಂಶ ಹಿಂಡಬೇಕು ಅಂದ್ರೆ ಪ್ರತಿ ಕೆಜಿ ಗಾಳಿಗೆ ಸುಮಾರು 35 ಕಿಲೋಜೌಲ್ ತೆಗೀಬೇಕು. 1500 ಸಿಎಫ್‌ಎಂಗೆ ಅದು 8 ಟನ್ ಆಸುಪಾಸು ಬರ್ತದೆ. 60 ಜನ ಕೂತು ಊಟ ಮಾಡೋ ಶಾಖ ಮೂರು ಟನ್ನಿಗೆ ಸ್ವಲ್ಪ ಕಮ್ಮಿ, ಲೈಟು, ಗೋಡೆ, ಬಿಸಿ ಸಾರು ಸಾಂಬಾರು ಎಲ್ಲ ಸೇರಿ ಇನ್ನೊಂದು ಎರಡೂವರೆ. ಒಟ್ಟು 13ರ ಮೇಲೆ ಹೋಯ್ತು. ಅಂದ್ರೆ 12 ಟನ್ನಿನಲ್ಲಿ ಮೂರರಲ್ಲಿ ಎರಡು ಪಾಲು ಬೀದಿ ಗಾಳಿ ತಣ್ಣಗೆ ಮಾಡಿ ಹುಡ್‌ಗೆ ಉಣಿಸೋಕೇ ಹೋಗ್ತಾ ಇದೆ. ಇನ್ನೊಂದು 3 ಟನ್ ಹಾಕಿದ್ರೆ ಲೆಕ್ಕಕ್ಕೆ ಸಾಲುತ್ತೆ ಅನ್ಸಬಹುದು, ಸಾಲಲ್ಲ, ಯಾಕಂದ್ರೆ ಇದ್ದ ನಾಲ್ಕು ಮಶೀನೂ ತಮ್ಮ ಪೂರ್ತಿ ಟನ್ ಕೊಡ್ತಾನೇ ಇರ್ಲಿಲ್ಲ.

ಇಲ್ಲೊಂದು ಮಾತು. ಹೊರಗಿನ ಗಾಳಿ ಬರ್ಲೇಬಾರದು ಅಂತ ಅಲ್ಲ. 60 ಜನ ಕೂರೋ ಜಾಗಕ್ಕೆ ಆಶ್ರೇ (ಅಮೆರಿಕದ ಎಸಿ ಎಂಜಿನಿಯರುಗಳ ಸಂಸ್ಥೆ) ವೆಂಟಿಲೇಶನ್ ಸ್ಟ್ಯಾಂಡರ್ಡ್ ಲೆಕ್ಕದಲ್ಲಿ 600 ಸಿಎಫ್‌ಎಂ ಚಿಲ್ಲರೆ ತಾಜಾ ಗಾಳಿ ಬೇಕು. ಬಾಗಿಲು ಭದ್ರ ಮುಚ್ಚಿ ಅದೇ ಗಾಳಿ ತಿರುಗಿಸೋ ಹಾಲ್‌ಗಳೂ ನಮ್ಮಲ್ಲಿ ಬೇಕಾದಷ್ಟಿವೆ, ಅಲ್ಲಿ ಅರ್ಧ ಗಂಟೆ ಕೂತ್ರೆ ತಲೆ ಭಾರ ಆಗೋದು ಅದಕ್ಕೇ. ಬೇಕಾದಷ್ಟು ಬರ್ಬೇಕು, ಎರಡೂವರೆ ಪಟ್ಟು ಬಂದ್ರೆ ಕಷ್ಟ.

ಸೀಲಿಂಗ್ ಮೇಲೆ ಮತ್ತು ಹಿಂದಿನ ಚೌಕಿನಲ್ಲಿ

ಫಾಲ್ಸ್ ಸೀಲಿಂಗ್ ತೆಗೆಸಿದ್ವಿ. ತೊಟ್ಟಿಕ್ಕೋ ಎರಡು ಕ್ಯಾಸೆಟ್ಟಿನಲ್ಲೂ ಒಂದೇ ಕಾಯಿಲೆ. ಕ್ಯಾಸೆಟ್ ಒಳಗೆ ಸಣ್ಣ ಪಂಪ್ ಇರ್ತದೆ, ಅದು ನೀರನ್ನ ಮೇಲೆತ್ತಿ ಕೊಡ್ತದೆ, ಮಶೀನ್ ಪಕ್ಕದಲ್ಲೇ ಪೈಪನ್ನ ನೆಟ್ಟಗೆ ಮೇಲೆ ತಗೊಂಡು ಆಮೇಲೆ 100ಕ್ಕೆ 1ರಂತೆ ಇಳಿಜಾರು ಕೊಡ್ತಾ ಹೋಗ್ಬೇಕು. ಇಲ್ಲಿ ಮೊದಲು ಮೂರಡಿ ಅಡ್ಡ ಓಡಿಸಿ ಆಮೇಲೆ ಬೀಮ್ ದಾಟೋಕೆ ಮೇಲೆತ್ತಿದ್ದಾರೆ, ಪಂಪ್ ನಿಂತ ಕೂಡ್ಲೇ ಅಡ್ಡ ಪೈಪಲ್ಲಿದ್ದ ನೀರೆಲ್ಲ ವಾಪಸ್ ಟ್ರೇಗೆ. ಅದರ ಮೇಲೆ ಕಾಪರ್ ಪೈಪಿಗೆ ಸುತ್ತಿದ್ದ ಫೋಮ್ 6 ಎಂಎಂ, ಜಾಯಿಂಟಲ್ಲಿ ಗಮ್ ಹಾಕದೆ ಬರೀ ಟೇಪ್ ಸುತ್ತಿದ್ದು. ಈ ಊರಿನ ಗಾಳಿಗೆ 19 ಎಂಎಂ ನೈಟ್ರೈಲ್ ರಬ್ಬರ್ ಬೇಕು, ಇಲ್ಲ ಅಂದ್ರೆ ಪೈಪ್ ಮೈಯೆಲ್ಲ ಬೆವರ್ತದೆ. ಕಂಟ್ರಾಕ್ಟರ್ ಲೀಕೇಜ್ ಅಂತ ಹುಡುಕ್ತಾ ಇದ್ದ ನೀರಿನಲ್ಲಿ ಅರ್ಧ ಇದೇ ಬೆವರು.

ಗ್ಯಾಸ್ ವಿಷ್ಯಕ್ಕೆ ಬರೋಣ, ನನಗೆ ಸಿಟ್ಟು ಬರೋ ಜಾಗ ಇದು. ಒಂದು ಮಶೀನಿಂದ ಗ್ಯಾಸನ್ನ ರಿಕವರಿ ಸಿಲಿಂಡರಿಗೆ ತೆಗೆದು ತೂಕ ಮಾಡಿದ್ವಿ. ಲೇಬಲ್ ಪ್ರಕಾರ, ಪೈಪಿನ ಉದ್ದಕ್ಕೆ ಸೇರಿಸಬೇಕಾದ್ದೂ ಸೇರಿ 2.3 ಕೆಜಿ ಇರ್ಬೇಕಿತ್ತು, ಸಿಕ್ಕಿದ್ದು 1.4 ಕೆಜಿ. ನೈಟ್ರೋಜನ್ ತುಂಬಿ ಸೋಪ್ ನೀರು ಹಚ್ಚಿದ್ರೆ ಫ್ಲೇರ್ ನಟ್ಟಿನ (ಪೈಪಿನ ತುದಿ ಅಗಲಿಸಿ ನಟ್ಟಿಂದ ಬಿಗಿಯೋ ಜಾಯಿಂಟು) ಹತ್ರ ಗುಳ್ಳೆ. ನಟ್ ಬಿಚ್ಚಿ ನೋಡಿದ್ರೆ ಫ್ಲೇರ್ ಒಂದು ಬದಿ ದಪ್ಪ ಒಂದು ಬದಿ ತೆಳು, ಒಳಗಿನ ಬರ್, ಅಂದ್ರೆ ಕತ್ತರಿಸಿದ ಅಂಚಿನ ಚೂಪು, ಕೆರೆದೇ ಇಲ್ಲ, ನಟ್ಟನ್ನ ಟಾರ್ಕ್ ಪಾನಾ ಇಲ್ಲದೆ ಕೈ ಅಂದಾಜಿಗೆ ತಿರುವಿದ್ದು. ಅರ್ಧ ಇಂಚಿನ ಫ್ಲೇರಿಗೆ 50ರಿಂದ 60 ನ್ಯೂಟನ್ ಮೀಟರ್ ಅಂತ ಮ್ಯಾನುಯಲ್ಲಲ್ಲಿ ಬರೆದಿರ್ತದೆ, ಜಾಸ್ತಿ ಬಿಗಿದ್ರೂ ಕಾಪರ್ ಸೀಳ್ತದೆ. ಅಂದಹಾಗೆ ಆ ಮ್ಯಾನುಯಲ್ ಮಾಳಿಗೇಲಿ ಡಬ್ಬದೊಳಗೆ ಪ್ಲಾಸ್ಟಿಕ್ ಕವರ್ ಸಮೇತ ಹಾಗೇ ಇತ್ತು, ನಾಲ್ಕೂ.

ಇನ್ನೊಂದು ಕಡೆ ಪೈಪ್ ಕತ್ತರಿಸಿ ಬಿಳಿ ಬಟ್ಟೆ ತೂರಿಸಿ ಎಳೆದ್ರೆ ಬಟ್ಟೆ ಕಪ್ಪು. ಬ್ರೇಜಿಂಗ್ (ಕಾಪರ್ ಪೈಪಿನ ಬೆಸುಗೆ) ಮಾಡುವಾಗ ಒಳಗೆ ಸಣ್ಣದಾಗಿ ನೈಟ್ರೋಜನ್ ಬಿಡದಿದ್ರೆ ಬಿಸಿ ಕಾಪರ್ ಗಾಳಿಯಲ್ಲಿರೋ ಆಕ್ಸಿಜನ್ ಹಿಡ್ಕೊಂಡು ಒಳಗೋಡೇಲಿ ಕಪ್ಪು ಪದರ ಕಟ್ತದೆ, ಅದು ಚೂರು ಚೂರಾಗಿ ಎದ್ದು ಗ್ಯಾಸ್ ಹರಿವನ್ನ ಹಿಡಿದು ಬಿಡೋ ಎಕ್ಸ್‌ಪ್ಯಾನ್ಶನ್ ವಾಲ್ವಿಗೆ ಹೋಗಿ ಸಿಕ್ಕಾಕ್ಕೊಳ್ತದೆ. ಇದು ಮೊದಲ ವರ್ಷ ಗೊತ್ತಾಗಲ್ಲ, ವಾರಂಟಿ ಮುಗಿದ ಮೇಲೆ ಕಂಪ್ರೆಸರ್ ಹೋಯ್ತು ಅಂತ ಫೋನ್ ಬರ್ತದೆ. ವ್ಯಾಕ್ಯೂಮ್, ಅಂದ್ರೆ ಗ್ಯಾಸ್ ಬಿಡೋ ಮೊದಲು ಪೈಪಲ್ಲಿರೋ ಗಾಳಿ, ತೇವ ಪಂಪಿಂದ ಎಳೆದು ತೆಗೆಯೋದು, ಅದಂತೂ ಹಾಕೇ ಇಲ್ಲ, ಔಟ್‌ಡೋರ್ ಯೂನಿಟ್ಟಿನ ವಾಲ್ವ್ ಒಂಚೂರು ತೆರೆದು ಗ್ಯಾಸಿಂದಲೇ ಪೈಪಿನ ಗಾಳಿ ಹೊರಗೆ ನೂಕಿ ನಟ್ ಬಿಗಿದಿದ್ದಾರೆ. ಆರ್ 22 ಕಾಲದಿಂದ ಬಂದ ಅಭ್ಯಾಸ ಅದು, ಆಗಲೂ ತಪ್ಪೇ. ಆರ್ 32 ಸ್ವಲ್ಪ ಉರಿಯೋ ಗುಣ ಇರೋ ಗ್ಯಾಸು, ಎ2ಎಲ್ ಅಂತ ಕ್ಲಾಸ್ ಮಾಡಿರೋದು ಅದಕ್ಕೇ, ಅದನ್ನ ಮುಚ್ಚಿದ ಜಾಗದಲ್ಲಿ ಹಾಗೆ ಬಿಡೋದು ಅಂದ್ರೆ ಏನು ಹೇಳೋಣ. ಮತ್ತೆ ಪೈಪಲ್ಲಿ ಉಳಿದ ತೇವ ಎಣ್ಣೆ ಜೊತೆ ಸೇರಿ ಆಸಿಡ್ ಆಗ್ತದೆ, ಅದು ಬೇರೆ.

ಕಂಟ್ರಾಕ್ಟರ್ ಹುಡುಗರಲ್ಲಿ ಒಬ್ಬ ಯಾದಗಿರಿ ಕಡೆಯವ ಇದ್ದ, ಕೈ ಒಳ್ಳೇದಿತ್ತು, ನೈಟ್ರೋಜನ್ ಯಾಕಪ್ಪಾ ತಂದಿಲ್ಲ ಅಂತ ಕೇಳಿದ್ರೆ, "ಸರ್, ಸಿಲಿಂಡರ್ ತರಾಕ ಟೆಂಪೋ ಬೇಕ್ರಿ, ಟೆಂಪೋದ ರೊಕ್ಕ ಯಾರ್ ಕೊಡ್ತಾರ? ದಿನಕ್ಕ ಮೂರ್ ಪಾಯಿಂಟ್ ಮುಗಸ್ರಿ ಅಂತಾರ, ವ್ಯಾಕ್ಯೂಮ್ ಹಚ್ಚಿ ಕುಂತ್ರ ಒಂದೂ ಮುಗಿಯಂಗಿಲ್ಲ" ಅಂದ. ಇಡೀ ಕೇಸಿನ ರಿಪೋರ್ಟ್ ಬೇಕಿದ್ರೆ ಈ ಎರಡು ಸಾಲಲ್ಲಿ ಮುಗಿಸಬಹುದಿತ್ತು. ಹುಡುಗರಿಗೆ ಬರಲ್ಲ ಅಂತ ಅಲ್ಲ, ಅವನಿಗೆ ಎಲ್ಲ ಗೊತ್ತಿತ್ತು. ರೇಟ್ ಇರೋದು ಪಾಯಿಂಟಿಗೆ, ಪಾಯಿಂಟ್ ಅಂದ್ರೆ ಮಶೀನ್ ನೇತಾಕಿ ಆನ್ ಮಾಡಿ ತಣ್ಣಗೆ ಗಾಳಿ ಬಂತಾ ಅಂತ ಕೈ ಇಟ್ಟು ನೋಡೋದು ಅಷ್ಟೇ. ಏಪ್ರಿಲ್ ಮೇ ತಿಂಗಳಲ್ಲಿ ಮುಂಬೈಯಲ್ಲಿ ಯಾವ ಕಂಟ್ರಾಕ್ಟರೂ ಪಂಪ್ ಹಚ್ಚಿ ಮುಕ್ಕಾಲು ಗಂಟೆ ಸುಮ್ನೆ ಕೂರೋಕೆ ಹುಡುಗನ್ನ ಬಿಡಲ್ಲ, ಗ್ರಾಹಕನೂ ಕೇಳಲ್ಲ, ಬದಲಿಗೆ ಎಷ್ಟೊತ್ತು ಮಾಡ್ತೀರಿ ಅಂತ ಬೈತಾನೆ.

ಹಿಂದಿನ ಚೌಕು ಇನ್ನೊಂದು ಅಧ್ಯಾಯ. ನಾಲ್ಕೂ ಔಟ್‌ಡೋರ್ ಅಲ್ಲೇ, ಮೂರೂವರೆ ಅಡಿ ಅಗಲದ ಜಾಗ, ಎದುರಿಗೆ ಗೋಡೆ, ಮಳೆಗೆ ಅಂತ ಮೇಲೆ ಪ್ಲಾಸ್ಟಿಕ್ ಶೀಟು. ಬಿಟ್ಟ ಬಿಸಿ ಗಾಳಿ ಗೋಡೆಗೆ ಬಡಿದು ವಾಪಸ್ ಬಂದು ಅದನ್ನೇ ಮಶೀನ್ ಎಳ್ಕೊಳ್ತಿತ್ತು. ಬೀದೀಲಿ 33 ಇದ್ದಾಗ ಔಟ್‌ಡೋರಿಗೆ ಹೋಗೋ ಗಾಳಿ 44 ಡಿಗ್ರಿ. ಡಬ್ಬದ ಮೇಲೆ ಬರೆದ ಟನ್ ಲೆಕ್ಕ ಹೊರಗೆ 35 ಡಿಗ್ರಿ ಇದ್ದಾಗಿನದ್ದು, 44ಕ್ಕೆ ಅಷ್ಟು ಸಿಗಲ್ಲ, ಕರೆಂಟ್ ಮಾತ್ರ ಜಾಸ್ತಿ ತಿಂತದೆ. ಅದಕ್ಕಿಂತ ಮುಖ್ಯ, ಅಡುಗೆಮನೆಯ ಹಿಂಬಾಗಿಲು ತೆರೆಯೋದು ಇದೇ ಚೌಕಿಗೆ, ಎರಡು ಔಟ್‌ಡೋರ್ ಸ್ಟ್ಯಾಂಡ್ ಆ ದಾರಿಗೆ ಅಡ್ಡ ಕೂತಿವೆ, ಒಬ್ಬ ಮನುಷ್ಯ ಅಡ್ಡ ತಿರುಗಿ ನುಸುಳಬೇಕು. 2017ರ ಡಿಸೆಂಬರ್ 29ರಂದು ಲೋವರ್ ಪರೇಲಿನ ಕಮಲಾ ಮಿಲ್ಸ್ ಬೆಂಕೀಲಿ 14 ಜನ ಹೋದ ಮೇಲೆ ಈ ಊರಿನ ಹೋಟೆಲಿನವರಿಗೆ ದಾರಿ ಖಾಲಿ ಇಡಬೇಕು ಅಂತ ಬಿಡಿಸಿ ಹೇಳೋ ಅಗತ್ಯ ಇರಬಾರದಿತ್ತು. ಅರ್ಥಿಂಗ್ ವೈರ್ ಅಂತ ಇದ್ದದ್ದು ಸ್ಟ್ಯಾಂಡಿನ ಕಬ್ಬಿಣಕ್ಕೆ ಸುತ್ತಿಟ್ಟಿದ್ದು, ಅಲ್ಲಿಂದ ಮುಂದೆ ಎಲ್ಲಿಗೂ ಹೋಗಿಲ್ಲ. ಅದನ್ನ ಅವತ್ತೇ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿದ್ವಿ, ಅದಕ್ಕೆ ಚರ್ಚೆ ಬೇಕಿರ್ಲಿಲ್ಲ.

ನಿಯಮ ಇದೆ, ನೋಡೋರು ಯಾರು

"ಇಷ್ಟೆಲ್ಲ ತಪ್ಪಿದ್ರೆ ಬಿಎಂಸಿಯವರು ಎಂತಕ್ಕೆ ಹಿಡಿಲಿಲ್ಲ?" ಮುಂಬೈ ಪಾಲಿಕೆ ಬಗ್ಗೆ ಶೆಟ್ರು ಕೇಳಿದ್ದು ನ್ಯಾಯವಾದ ಪ್ರಶ್ನೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಇದೆ, ಅದರ ಭಾಗ 8ರ ಸೆಕ್ಷನ್ 3 ಪೂರ್ತಿ ಎಸಿ, ಹೀಟಿಂಗ್, ವೆಂಟಿಲೇಶನ್ ಬಗ್ಗೆನೇ, ಭಾಗ 4 ಬೆಂಕಿ ಸುರಕ್ಷತೆ ಬಗ್ಗೆ. ಆದ್ರೆ ಅದು ಮಾದರಿ ಸಂಹಿತೆ, ರಾಜ್ಯ ಅಥವಾ ಪಾಲಿಕೆ ತಮ್ಮ ನಿಯಮದೊಳಗೆ ತಗೊಂಡಷ್ಟೇ ಕಾನೂನಿನ ಬಲ. ಭಾರತೀಯ ಮಾನದಂಡಗಳಲ್ಲಿ ಎಸಿ ಸುರಕ್ಷತೆಗೆ ಐಎಸ್ 659, ಅರ್ಥಿಂಗಿಗೆ ಐಎಸ್ 3043 ಇವೆ. ಇಂಧನ ಉಳಿತಾಯದ ಕಟ್ಟಡ ಸಂಹಿತೆಯೂ ಇದೆ, ಅದು ಬರೋದು ದೊಡ್ಡ ಕರೆಂಟ್ ಲೋಡಿನ ಕಟ್ಟಡಕ್ಕೆ, ಈ ಹೋಟೆಲು ಅದರೊಳಗೆ ಬೀಳಲ್ಲ. ಮಹಾರಾಷ್ಟ್ರದ 2006ರ ಫೈರ್ ಕಾಯ್ದೆ ಪ್ರಕಾರ ಲೈಸೆನ್ಸ್ ಇರೋ ಏಜೆನ್ಸಿಯಿಂದ ಜನವರಿ ಜುಲೈಗೆ ಫಾರ್ಮ್ ಬಿ ಕೊಡ್ಬೇಕು, ಅದನ್ನ ಶೆಟ್ರು ತಪ್ಪದೆ ಕೊಟ್ಟಿದ್ದಾರೆ, ಅದರಲ್ಲಿ ಬರೋದು ಬೆಂಕಿ ಆರಿಸೋ ಸಾಮಾನು ಸುಸ್ಥಿತೀಲಿದೆಯಾ ಅನ್ನೋದು. ಹೆಲ್ತ್ ಲೈಸೆನ್ಸಿನವರು ಅಡುಗೆಮನೆ ಸ್ವಚ್ಛ ನೋಡ್ತಾರೆ. ಸೀಲಿಂಗ್ ಮೇಲೆ ಹತ್ತಿ ಫ್ಲೇರ್ ನಟ್ ನೋಡೋ ಇಲಾಖೆ ಯಾವುದೂ ಇಲ್ಲ, ಇನ್ಮೇಲೆ ಬರ್ತದೆ ಅಂತ ನಂಗೇನೂ ಆಸೆ ಇಲ್ಲ. 12 ಟನ್ನಿನ ಕೆಲಸಕ್ಕೆ ನಿಯಮ ಜಾರಿ ಆಗೋದು ಒಂದೇ ಕಾಗದದಿಂದ, ಅದು ಮಾಲೀಕ ಕೊಡೋ ವರ್ಕ್ ಆರ್ಡರ್. ಅದರಲ್ಲಿ ಬರೆದಿದ್ರೆ ಕೋಡ್ ಇದೆ, ಬರೆದಿಲ್ಲ ಅಂದ್ರೆ ಇಲ್ಲ.

ಶೆಟ್ರ ಹಳೇ ವರ್ಕ್ ಆರ್ಡರಲ್ಲಿ ಇದ್ದದ್ದು, "ನಾಲ್ಕು ಕ್ಯಾಸೆಟ್ ಸಪ್ಲೈ ಮತ್ತು ಫಿಟ್ಟಿಂಗ್, ಪೈಪ್ ಎಕ್ಸ್‌ಟ್ರಾ ಫೂಟ್ ಲೆಕ್ಕ." ಅಷ್ಟೇ. ಮೂರು ಕೊಟೇಶನ್ ತರಿಸಿ ಕಡಿಮೆಯದ್ದು ಆರಿಸಿದ್ರು, ಯಾರಾದ್ರೂ ಅದೇ ಮಾಡ್ತಾರೆ. ನೈಟ್ರೋಜನ್ ಟೆಸ್ಟ್ ಸೇರಿಸಿ ಬರೆದವನ ರೇಟು ಜಾಸ್ತಿ ಕಂಡು ಅವನೇ ಮೊದಲು ಔಟ್ ಆಗಿದ್ದಾನೆ. ಪ್ರಾಮಾಣಿಕನಿಗೆ ಶಿಕ್ಷೆ ಕೊಡೋ ಕೊಟೇಶನ್ ಫಾರ್ಮ್ಯಾಟು ಇದು, ನಮ್ಮ ಟ್ರೇಡಿನಲ್ಲಿ ಸರ್ಟಿಫಿಕೇಟ್ ಟ್ರೈನಿಂಗ್ ಅಂತ ಎಷ್ಟು ಮಾತಾಡಿದ್ರೂ ಇದನ್ನ ಸರಿ ಮಾಡದೆ ಏನೂ ಆಗಲ್ಲ ಅನ್ನೋದು ನನ್ನ ಅಭಿಪ್ರಾಯ.

ಸರಿ ಮಾಡಿದ್ದು ಮಳೆಗಾಲದಲ್ಲಿ, ಸೀಸನ್ ಇಳಿದ ಮೇಲೆ. ಅದೇ ಕಂಟ್ರಾಕ್ಟರಿಗೇ ಕೊಡಿ ಅಂದೆ, ಶೆಟ್ರಿಗೆ ಇಷ್ಟ ಇರ್ಲಿಲ್ಲ, ಆದ್ರೆ ಹೊಸಬ ಬಂದ್ರೆ ಹಳಬನ ಮೇಲೆ ಹೇಳ್ತಾ ಕೂರ್ತಾನೆ. ವರ್ಕ್ ಆರ್ಡರಿನಲ್ಲಿ ನೈಟ್ರೋಜನ್ನಿಗೆ ಬೇರೆ ಸಾಲು ಬೇರೆ ದುಡ್ಡು, ಟೆಂಪೋ ಬಾಡಿಗೆ ಸಮೇತ. ವ್ಯಾಕ್ಯೂಮಿಗೆ ಬೇರೆ ಸಾಲು. ಪ್ರೆಶರ್ ಟೆಸ್ಟ್ 40 ಬಾರ್, 24 ಗಂಟೆ, ಶುರುವಿನ ಮತ್ತು ಕೊನೆಯ ಫೋಟೋ ಗೇಜ್ ಮತ್ತು ಥರ್ಮಾಮೀಟರ್ ಎರಡೂ ಕಾಣೋ ಹಾಗೆ, ಯಾಕಂದ್ರೆ ರಾತ್ರಿ ತಂಪಾದ್ರೆ ಪ್ರೆಶರ್ ತಾನಾಗೇ ಸ್ವಲ್ಪ ಇಳೀತದೆ, ಅದಕ್ಕೆ ಲೀಕ್ ಅಂತ ಜಗಳ ಆಗಬಾರದು. ವ್ಯಾಕ್ಯೂಮ್ 500 ಮೈಕ್ರಾನ್ (ಪೈಪಲ್ಲಿ ಉಳಿದ ಒತ್ತಡದ ಸಣ್ಣ ಅಳತೆ) ಕೆಳಗೆ, ಪಂಪ್ ಬಂದ್ ಮಾಡಿದ ಮೇಲೂ ಮೇಲೇರದೆ ನಿಲ್ಲಬೇಕು, ಮಾಮೂಲಿ ಗೇಜ್ ನಡೆಯಲ್ಲ, ಮೈಕ್ರಾನ್ ಗೇಜೇ ಬೇಕು. ಗ್ಯಾಸ್ ತೂಕ ಮಾಡಿಯೇ ಹಾಕ್ಬೇಕು. ಡ್ರೇನ್ ಪೈಪಿಗೆ ಸೀಲಿಂಗ್ ಮುಚ್ಚೋ ಮೊದಲು ಬಕೆಟ್ ನೀರು ಹೊಯ್ದು ವಿಡಿಯೋ. ಇದೆಲ್ಲ ಆದ ಮೇಲೆ ಕೊನೆಯ 20 ಪರ್ಸೆಂಟ್ ದುಡ್ಡು. ಕಂಟ್ರಾಕ್ಟರ್ ಮೊದಲು ಮುಖ ಊದಿಸಿದ, ದುಡ್ಡಿನ ಸಾಲುಗಳು ನೋಡಿ ಒಪ್ಪಿದ.

ಮೇಕಪ್ ಏರ್, ಅಂದ್ರೆ ಹುಡ್ ಹೊರಗೆ ಹಾಕೋ ಗಾಳಿಗೆ ಬದಲು ಗಾಳಿ ಕೊಡೋದು, ದೊಡ್ಡ ಖರ್ಚು, ಅದಕ್ಕೇ ದೊಡ್ಡ ಜಗಳ. ಹುಡ್ ಎಳೆಯೋ 3500ರಲ್ಲಿ 80 ಪರ್ಸೆಂಟ್, ಅಂದ್ರೆ 2800 ಸಿಎಫ್‌ಎಂ ಫಿಲ್ಟರ್ ಇರೋ ಫ್ಯಾನಿಂದ ಅಡುಗೆಮನೆಗೇ ಕೊಡೋದು, ಉಳಿದ 700 ಹಾಲಿಂದ ಬರೋದು. ಹಾಲಿಗೆ ಬೇಕಾದ ತಾಜಾ ಗಾಳಿಯೂ ಹೆಚ್ಚು ಕಮ್ಮಿ ಅಷ್ಟೇ, ಅಡುಗೆಮನೆ ಪ್ರೆಶರ್ ಒಂಚೂರು ಕಮ್ಮಿ ಇರೋದ್ರಿಂದ ಒಗ್ಗರಣೆ ವಾಸನೆ ಹಾಲಿಗೆ ಬರಲ್ಲ. ಮೊದಲ ಸಲ ಚಾಲೂ ಮಾಡಿದಾಗ ದೋಸೆ ಭಟ್ರು ಸೌಟು ಹಿಡ್ಕೊಂಡೇ ಹೊರಗೆ ಬಂದ್ರು, ಕಾವಲಿ ಕಾಯ್ತಾನೇ ಇಲ್ಲ, ಉರಿ ಹಾರ್ತದೆ ಅಂತ. ಗಾಳಿ ಗ್ರಿಲ್ ಸೀದಾ ಕಾವಲಿ ಮೇಲೆ ಹೊಡೀತಿತ್ತು. ಅದನ್ನ ತೆಗೆಸಿ ಹುಡ್ಡಿನ ಮುಂಭಾಗಕ್ಕೆ ಉದ್ದಕ್ಕೂ ತೂತಿನ ಶೀಟ್ ಹಾಕಿಸಿ ವೇಗ ಇಳಿಸಿದ ಮೇಲೆ ಭಟ್ರು ಸುಮ್ಮನಾದ್ರು. ಡಿಸೈನ್ ಮಾಡೋರು ಮೊದಲು ದೋಸೆ ಕಾವಲಿ ಎಲ್ಲಿದೆ ಅಂತ ನೋಡಿದ್ರೆ ಒಳ್ಳೇದು.

ಔಟ್‌ಡೋರ್‌ಗಳಲ್ಲಿ ದಾರಿಗೆ ಅಡ್ಡ ಇದ್ದ ಎರಡನ್ನೂ ಚೌಕಿಂದ ತೆಗೆದು ಹೋಟೆಲಿನ ಮುಂಭಾಗದ ಛಜ್ಜಾ ಮೇಲೆ ಹಾಕಿಸಿದ್ವಿ, ಉಳಿದ ಎರಡರ ಮೇಲಿನ ಪ್ಲಾಸ್ಟಿಕ್ ಶೀಟ್ ಕಿತ್ತು ಬಿಸಿ ಗಾಳಿ ಮೇಲಕ್ಕೆ ತಿರುಗೋ ಹಾಗೆ ತಗಡಿನ ಡಕ್ಟ್.

ಅಕ್ಟೋಬರ್ ಹೀಟಿನಲ್ಲಿ ಮತ್ತೆ ಅಳೆದೆ, ಮಧ್ಯಾಹ್ನ ಒಂದು ಗಂಟೆಗೆ, ಹಾಲ್ ತುಂಬಿದ್ದಾಗ. 25 ಡಿಗ್ರಿ, ಹ್ಯೂಮಿಡಿಟಿ 57. ಕ್ಯಾಸೆಟ್ ಒಳಗೆ ಹೋಗೋ ಗಾಳಿಗೂ ಹೊರಗೆ ಬರೋ ಗಾಳಿಗೂ ಮೊದಲು 6 ಡಿಗ್ರಿ ವ್ಯತ್ಯಾಸ ಇತ್ತು, ಈಗ 11. ಮೊದಲೆಲ್ಲ ವೇಟರುಗಳು ರಿಮೋಟನ್ನ 16ಕ್ಕೆ ಒತ್ತಿಟ್ಟು ದೇವರ ಮೇಲೆ ಭಾರ ಹಾಕ್ತಿದ್ರು, 16 ಅಂತ ಒತ್ತಿದ್ರೆ ಕಂಪ್ರೆಸರ್ ನಿಲ್ಲೋದೇ ಇಲ್ಲ ಅಷ್ಟೇ, ಅದರ ಕೈಲಾಗದ್ದು ಕೈಲಾಗದ್ದೇ. ಈಗ 24ರಲ್ಲಿ ನಿಲ್ಲಿಸಿದ್ದಾರೆ. ಐದನೇ ಕ್ಯಾಸೆಟ್ ಬೇಕಾಗ್ಲಿಲ್ಲ, ಅದರ ದುಡ್ಡು ಮೇಕಪ್ ಫ್ಯಾನಿಗೆ ಹೋಯ್ತು, ಸ್ವಲ್ಪ ಮೇಲೂ ಆಯ್ತು, ಅದನ್ನ ಶೆಟ್ರು ನಂಗೆ ಇನ್ನೂ ಹೇಳ್ತಾ ಇರ್ತಾರೆ.

ಈಗ ಅವರ ಭಾವನವರು ವಾಶಿಯಲ್ಲಿ ಒಂದು ಜಾಗ ಹಿಡಿದಿದ್ದಾರೆ, ಕೊಟೇಶನ್ ನಂಗೆ ಕಳಿಸಿದ್ರು. ನೈಟ್ರೋಜನ್, ವ್ಯಾಕ್ಯೂಮ್, ಮೇಕಪ್ ಏರ್ ಎಲ್ಲ ಬೇರೆ ಬೇರೆ ಸಾಲಲ್ಲಿ ಇದೆ. ಆದ್ರೆ ಔಟ್‌ಡೋರ್ ಕಾಯಿಲಿಗೆ ತುಕ್ಕು ತಡೆಯೋ ಕೋಟಿಂಗ್ ಬಗ್ಗೆ ಮಾತೇ ಇಲ್ಲ, ಜಾಗ ಖಾರಿ (ಸಮುದ್ರದ ಹಿನ್ನೀರು) ಪಕ್ಕ, ಕೊಳಚೆ ನಾಲಾದ ಗಾಳಿ ಬೇರೆ, ಕಾಪರನ್ನ ತಿಂದು ಹಾಕ್ತದೆ. ಅಡುಗೆಮನೆಯ ಡ್ರಾಯಿಂಗಲ್ಲಿ ಕಾವಲಿ ಎಲ್ಲಿ ಬರ್ತದೆ ಅಂತಲೂ ಹಾಕಿಲ್ಲ. ಎರಡನ್ನೂ ಸೇರಿಸಿ ಹೊಸದು ಕಳಿಸಿ ಅಂತ ವಾಪಸ್ ಕಳಿಸಿದ್ದೀನಿ.